ಟ್ಯಾಂಕಿನಿಂದ ರಿಯಾಕ್ಟರ್‌ವರೆಗೆ: ಪೈಪಿಂಗ್ ಡಿಸೈನ್ ಕಲಿಯೋಕೆ ಒಂದು ಲೈನ್ ಸಾಕು

ಮೆಕ್ಯಾನಿಕಲ್, ಕೆಮಿಕಲ್ ಅಥವಾ ಡಿಪ್ಲೊಮಾ ಮುಗಿಸಿ ಪೈಪಿಂಗ್ ಡಿಪಾರ್ಟ್‌ಮೆಂಟಿಗೆ ಸೇರಿದವರು ಮೊದಲ ವಾರ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಯಾವ ಸಾಫ್ಟ್‌ವೇರ್ ಕಲಿಯಬೇಕು ಸರ್? ಸಾಫ್ಟ್‌ವೇರ್ ಮೂರು ತಿಂಗಳಲ್ಲಿ ಕೈಗೆ ಹತ್ತುತ್ತದೆ. ಒಂದು ಪೈಪ್ ಯಾಕೆ ಈ ದಾರಿಯಲ್ಲೇ ಹೋಗಬೇಕು, ಈ ವಾಲ್ವ್ ಯಾಕೆ ಇಷ್ಟೇ ಎತ್ತರದಲ್ಲಿ ಕೂರಬೇಕು ಅನ್ನೋದು ತಲೆಗೆ ಹೋಗೋಕೆ ವರ್ಷಗಳು ಬೇಕು. ಆ ವರ್ಷಗಳನ್ನು ಸ್ವಲ್ಪ ಕಡಿಮೆ ಮಾಡೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲವನ್ನೂ ಒಟ್ಟಿಗೆ ಹೇಳಲು ಹೋದರೆ ಏನೂ ಉಳಿಯುವುದಿಲ್ಲ. ಒಂದೇ ಲೈನ್ ಹಿಡಿದುಕೊಂಡು ಹೋಗೋಣ. ಟ್ಯಾಂಕ್ ಫಾರ್ಮ್‌ನಲ್ಲಿ ಟೊಲುಯಿನ್ ಅನ್ನುವ ಸಾಲ್ವೆಂಟಿನ ಒಂದು ಟ್ಯಾಂಕ್ ಇದೆ. ಸೋರಿದ್ದು ಹರಡದಂತೆ ಟ್ಯಾಂಕ್ ಸುತ್ತ ಕಟ್ಟಿದ ಡೈಕ್ ಗೋಡೆಯ ಆಚೆ ಪಂಪ್ ಇದೆ. ಅಲ್ಲಿಂದ ಸುಮಾರು 60 ಮೀಟರ್ ದೂರದ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿ 5,000 ಲೀಟರಿನ ಗ್ಲಾಸ್ ಲೈನ್ಡ್ ರಿಯಾಕ್ಟರ್. ಪಂಪಿನಿಂದ ರಿಯಾಕ್ಟರಿಗೆ 3 ಇಂಚಿನ ಲೈನ್. ಬೈಕಂಪಾಡಿ, ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು, ಗುಜರಾತಿನ ಅಂಕಲೇಶ್ವರ, ದಹೇಜ್, ಎಲ್ಲಿಗೆ ಹೋದರೂ ಇಂಥದ್ದೊಂದು ಲೈನ್ ಕಣ್ಣಿಗೆ ಬೀಳುತ್ತದೆ.

ಪಿ ಆಂಡ್ ಐಡಿ ಮತ್ತು ಒಂದು ಹೈಲೈಟರ್

ಮೊದಲು ಪಿ ಆಂಡ್ ಐಡಿಯನ್ನು (ಯಾವ ಪೈಪ್, ವಾಲ್ವ್, ಗೇಜ್ ಎಲ್ಲಿಗೆ ಸೇರುತ್ತದೆ ಅಂತ ತೋರಿಸುವ ಪೈಪಿಂಗ್ ಆಂಡ್ ಇನ್‌ಸ್ಟ್ರುಮೆಂಟೇಷನ್ ಡ್ರಾಯಿಂಗ್) ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ. ನಿಮ್ಮ ಲೈನನ್ನು ಹಳದಿ ಹೈಲೈಟರ್‌ನಲ್ಲಿ ಈ ತುದಿಯಿಂದ ಆ ತುದಿವರೆಗೆ ಎಳೆಯಿರಿ. ಕೈ ಎಲ್ಲಿ ನಿಂತಿತೋ ಅಲ್ಲಿ ಒಂದು ಪ್ರಶ್ನೆ ಇರುತ್ತದೆ. ಈ ಬ್ರಾಂಚ್ ಯಾವ ಶೀಟಿಗೆ ಹೋಯಿತು? ಈ ವಾಲ್ವ್ ಮಾಮೂಲಾಗಿ ತೆರೆದಿರುತ್ತದೋ ಮುಚ್ಚಿರುತ್ತದೋ? ಪ್ರಶ್ನೆಗಳನ್ನು ಅಂಚಿನಲ್ಲೇ ಬರೆದುಕೊಂಡು ಪ್ರೊಸೆಸ್ ಇಂಜಿನಿಯರ್ ಹತ್ತಿರ ಹೋಗಿ ಕೂತು ಕೇಳಿ. ಮೇಲ್ ಹಾಕಿದರೆ ಎರಡು ದಿನ, ಎದುರಿಗೆ ಕೂತರೆ ಹತ್ತು ನಿಮಿಷ.

ಲೈನ್ ನಂಬರಿನಲ್ಲೇ ಅರ್ಧ ವಿಷಯ ಇರುತ್ತದೆ. 3 ಇಂಚು, ಆಮೇಲೆ ಒಳಗೆ ಹರಿಯುವುದು ಏನು ಅನ್ನುವ ಗುರುತು, ಆಮೇಲೆ ಕ್ರಮಸಂಖ್ಯೆ, ಆಮೇಲೆ ಪೈಪ್ ಕ್ಲಾಸ್, ಕೊನೆಗೆ ಇನ್ಸುಲೇಷನ್ ಇದೆಯೋ ಇಲ್ಲವೋ. ಇದರಲ್ಲಿ ಪೈಪ್ ಕ್ಲಾಸ್ ಮುಖ್ಯ. ಯಾವ ಪೈಪ್, ಯಾವ ಫ್ಲೇಂಜ್ (ಬೋಲ್ಟ್ ಹಾಕಿ ಜೋಡಿಸುವ ಬಳೆಯಂಥ ಅಂಚು), ಯಾವ ಗ್ಯಾಸ್ಕೆಟ್ (ಸೋರದಂತೆ ಮಧ್ಯೆ ಇಡುವ ಪದರ), ಯಾವ ವಾಲ್ವ್ ಅನ್ನೋದೆಲ್ಲ ಪಿಎಂಎಸ್ (ಪೈಪಿಂಗ್ ಮಟೀರಿಯಲ್ ಸ್ಪೆಸಿಫಿಕೇಷನ್) ಪುಸ್ತಕದಲ್ಲಿ ಆ ಕ್ಲಾಸ್ ಹೆಸರಿನ ಕೆಳಗೇ ಇರುತ್ತದೆ.

ಇನ್ನೊಂದು ವಿಷಯ. ಪಿ ಆಂಡ್ ಐಡಿಯಲ್ಲಿ ದೂರ ಇರುವುದಿಲ್ಲ, ಆದರೆ ಕ್ರಮ ಇರುತ್ತದೆ, ಆ ಕ್ರಮವನ್ನು ಸುಮ್ನೆ ಬದಲಿಸುವ ಹಾಗಿಲ್ಲ. ಪಂಪ್ ಡಿಸ್ಚಾರ್ಜ್‌ನಲ್ಲಿ ಮೊದಲು ಪ್ರೆಶರ್ ಗೇಜ್, ಆಮೇಲೆ ಎನ್‌ಆರ್‌ವಿ (ದ್ರವ ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್), ಅದಾದ ಮೇಲೆ ಐಸೊಲೇಷನ್ ವಾಲ್ವ್. ಯಾಕೆ? ನಾಳೆ ಎನ್‌ಆರ್‌ವಿ ಒಳಗೆ ಏನೋ ಸಿಕ್ಕಿಕೊಂಡು ಬಿಚ್ಚಬೇಕಾದರೆ ಐಸೊಲೇಷನ್ ವಾಲ್ವ್ ಮುಚ್ಚಿ ಬಿಚ್ಚಬಹುದು. ತಿರುಗುಮುರುಗಾದರೆ 60 ಮೀಟರ್ ಲೈನಿನಲ್ಲಿರುವ ಟೊಲುಯಿನ್ ಅಷ್ಟೂ ಖಾಲಿ ಮಾಡಿ ಬಿಚ್ಚಬೇಕು. ಜಾಗ ಉಳಿಯುತ್ತದೆ ಅಂತ ಕಂಪ್ಯೂಟರಿನ 3ಡಿ ಮಾಡೆಲಿನಲ್ಲಿ ಹಿಂದೆ ಮುಂದೆ ಮಾಡಿಟ್ಟದ್ದನ್ನು ನಾನು ಒಂದಲ್ಲ, ಹಲವು ಸಲ ನೋಡಿದ್ದೇನೆ.

ಪಿ ಆಂಡ್ ಐಡಿಯಲ್ಲಿ ಬರೆದಿರುವ ನೋಟುಗಳನ್ನೂ ಓದಿ. ಲೈನಿನ ಪಕ್ಕ ಸಣ್ಣ ಅಕ್ಷರದಲ್ಲಿ 'ನೋ ಪಾಕೆಟ್' (ದ್ರವ ನಿಲ್ಲುವ ತಗ್ಗು ಬೇಡ), 'ಸ್ಲೋಪ್', 'ಫ್ಲ್ಯಾಟ್ ಸೈಡ್ ಅಪ್' ಅಂತ ಇರುತ್ತದೆ. ಒಂದೊಂದು ನೋಟಿನ ಹಿಂದೆಯೂ ಎಲ್ಲೋ ಯಾರೋ ಪಟ್ಟ ಪಾಡು ಇದೆ ಅಂದುಕೊಂಡೇ ಓದಿ.

ಒಳಗೆ ಹರಿಯುವುದು ಏನು?

ಮೆಕ್ಯಾನಿಕಲ್ ಓದಿದವರು ಸಾಮಾನ್ಯವಾಗಿ ಬಿಟ್ಟುಬಿಡುವ ಹೆಜ್ಜೆ ಇದು. ಪೈಪ್ ಅಂದರೆ ಪೈಪ್ ಅಲ್ವಾ ಅನ್ನಿಸುತ್ತದೆ. ಕೆಮಿಕಲ್ ಪ್ಲಾಂಟಿನಲ್ಲಿ ಹಾಗಲ್ಲ.

ಟೊಲುಯಿನ್ ಫ್ಲ್ಯಾಶ್ ಪಾಯಿಂಟ್ ಸುಮಾರು 4 ಡಿಗ್ರಿ ಸೆಲ್ಸಿಯಸ್. ಅಂದರೆ ನಮ್ಮ ಊರುಗಳ ಯಾವ ಚಳಿಗಾಲದಲ್ಲೂ ಅದರ ಆವಿ ಒಂದು ಕಿಡಿಗೆ ಹೊತ್ತಿಕೊಳ್ಳಲು ತಯಾರಾಗಿಯೇ ಇರುತ್ತದೆ. 2002ರ ಪೆಟ್ರೋಲಿಯಂ ನಿಯಮಗಳಲ್ಲಿ 23 ಡಿಗ್ರಿಗಿಂತ ಕೆಳಗೆ ಫ್ಲ್ಯಾಶ್ ಆಗುವುದೆಲ್ಲ ಎ ಕ್ಲಾಸ್. ಟ್ಯಾಂಕ್ ಫಾರ್ಮ್ ಲೇಔಟ್ ಪೆಸೊ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಮುಂದೆ ಹೋಗಬೇಕು, ಟ್ಯಾಂಕಿಗೂ ಬೇಲಿಗೂ ಪಂಪಿಗೂ ಇರಬೇಕಾದ ದೂರ ಅಲ್ಲಿಂದ ಬರುತ್ತದೆ. ಲೈನ್ ಎಳೆಯುವ ಮೊದಲೇ ಇದನ್ನು ತಿಳಿದುಕೊಳ್ಳಿ.

ಟೊಲುಯಿನ್‌ನ ಇನ್ನೊಂದು ಗುಣ, ಅದು ವಿದ್ಯುತ್ತನ್ನು ಸಾಗಿಸುವುದು ತೀರಾ ಕಡಿಮೆ. ಪೈಪಿನಲ್ಲಿ ಹರಿಯುವಾಗ ಉಜ್ಜಿಕೊಂಡು ಹುಟ್ಟುವ ಸ್ಟ್ಯಾಟಿಕ್ ಚಾರ್ಜ್ ಬೇಗ ಇಳಿದುಹೋಗುವುದಿಲ್ಲ. ರಿಯಾಕ್ಟರಿಗೆ ಮೇಲಿಂದ ಧಾರೆಯಾಗಿ ಸುರಿದರೆ ಚಾರ್ಜ್ ಇನ್ನೂ ಏರುತ್ತದೆ, ಜೊತೆಗೆ ಆವಿಯೂ ಏಳುತ್ತದೆ. ಹಾಗಾಗಿ ರಿಯಾಕ್ಟರ್ ಒಳಗೆ ತಳದ ಹತ್ತಿರದವರೆಗೆ ಇಳಿಯುವ ಡಿಪ್ ಪೈಪ್ ಇರಬೇಕು, ಅದರ ತುದಿ ಮುಳುಗುವವರೆಗೆ ವೇಗ ಸೆಕೆಂಡಿಗೆ 1 ಮೀಟರ್ ಒಳಗೆ ಇರಬೇಕು. ಲೆಕ್ಕ ಹಾಕಿ ನೋಡಿ. ಗಂಟೆಗೆ 20 ಘನ ಮೀಟರ್ ಟೊಲುಯಿನ್ 2 ಇಂಚಿನ ಶೆಡ್ಯೂಲ್ 40 (ಗೋಡೆ ದಪ್ಪದ ದರ್ಜೆ) ಪೈಪಿನಲ್ಲಿ ಹೋದರೆ ವೇಗ ಸೆಕೆಂಡಿಗೆ ಸುಮಾರು 2.6 ಮೀಟರ್. ಅದೇ 3 ಇಂಚಿನಲ್ಲಿ ಸುಮಾರು 1.2. ಲೈನ್ 3 ಇಂಚು ಯಾಕೆ ಆಯಿತು ಅನ್ನೋದರ ಒಂದು ಕಾರಣ ಇಲ್ಲೇ ಇದೆ. ಆದರೂ 1.2 ಕೂಡ ಜಾಸ್ತಿಯೇ, ಶುರುವಿನಲ್ಲಿ ವಾಲ್ವ್ ಅರೆ ತೆರೆದು ನಿಧಾನ ಬಿಡಬೇಕು. ಆ ವಾಲ್ವ್ ಆಪರೇಟರ್ ಕೈಗೆ ಸಿಗುವ ಜಾಗದಲ್ಲಿ ಇರಬೇಕಾದದ್ದು ನಿಮ್ಮ ಹೊಣೆ.

ಲೈನಿನಲ್ಲಿ ಮೈಕ್ರಾನ್ ಫಿಲ್ಟರ್ ಇದ್ದರೆ ಇನ್ನೂ ಎಚ್ಚರ ಬೇಕು. ಫಿಲ್ಟರ್ ಜಾಲರಿ ದಾಟುವಾಗ ಚಾರ್ಜ್ ಹಲವು ಪಟ್ಟು ಏರುತ್ತದೆ. ಫಿಲ್ಟರ್ ಆದಮೇಲೆ 30 ಸೆಕೆಂಡ್ ಪೈಪಿನಲ್ಲೇ ಹರಿದು ಇಳಿಯಲಿ ಅನ್ನೋದು ಚಾಲ್ತಿಯಲ್ಲಿರುವ ನಿಯಮ. 1.2 ಮೀಟರ್ ವೇಗಕ್ಕೆ 36 ಮೀಟರ್ ಪೈಪ್ ಬೇಕು. ಅಂದರೆ ಫಿಲ್ಟರನ್ನು ರಿಯಾಕ್ಟರ್ ಪಕ್ಕ ಇಡಬೇಡಿ, ಪಂಪಿನ ಪಕ್ಕ ಇಡಿ. ಪ್ರತಿ ಫ್ಲೇಂಜ್ ಜೋಡಿಗೂ ಅರ್ತಿಂಗ್ ಜಂಪರ್ (ಚಾರ್ಜ್ ಇಳಿಸುವ ತಂತಿ) ಐಸೊದಲ್ಲೇ, ಅಂದರೆ ಲೈನ್ ಕಟ್ಟಲು ಸೈಟಿಗೆ ಕಳಿಸುವ ಐಸೊಮೆಟ್ರಿಕ್ ಡ್ರಾಯಿಂಗಿನಲ್ಲೇ ತೋರಿಸಿ. ಗ್ಲಾಸ್ ಲೈನ್ಡ್ ರಿಯಾಕ್ಟರಿನ ಒಳಗಿನ ಗಾಜು ಚಾರ್ಜನ್ನು ಗೋಡೆಗೆ ಇಳಿಯಲು ಬಿಡುವುದಿಲ್ಲ, ಹಾಗಾಗಿ ಅಲ್ಲಿ ಈ ಎಚ್ಚರ ಎರಡರಷ್ಟು.

ಬೇರೆ ಕೆಮಿಕಲ್‌ಗಳ ಗುಣವೇ ಬೇರೆ. ಒಣ ಕ್ಲೋರಿನ್ ಮಾಮೂಲಿ ಕಾರ್ಬನ್ ಸ್ಟೀಲಿನಲ್ಲಿ ತಣ್ಣಗೆ ಹರಿಯುತ್ತದೆ, ಅದಕ್ಕೆ ನೀರಿನ ತೇವ ಸೇರಿದರೆ ಅದೇ ಸ್ಟೀಲನ್ನು ತಿಂದುಹಾಕುತ್ತದೆ. ತೇವದ ಕ್ಲೋರಿನಿಗೆ ಟೈಟಾನಿಯಂ ಒಳ್ಳೆಯದು. ಆದರೆ ಒಣ ಕ್ಲೋರಿನಿಗೆ ಅದೇ ಟೈಟಾನಿಯಂ ಹಾಕಿದರೆ ಲೋಹವೇ ಹೊತ್ತಿ ಉರಿಯುತ್ತದೆ. ದುಬಾರಿ ಲೋಹ ಹಾಕಿದರೆ ಸೇಫ್ ಅನ್ನುವ ನಂಬಿಕೆ ಇದ್ದರೆ ಇವತ್ತೇ ಬಿಟ್ಟುಬಿಡಿ. 98 ಪರ್ಸೆಂಟ್ ಸಲ್ಫ್ಯೂರಿಕ್ ಆಸಿಡ್ ನಿಧಾನವಾಗಿ ಹರಿದರೆ ಕಾರ್ಬನ್ ಸ್ಟೀಲ್ ತಡೆಯುತ್ತದೆ, ಯಾಕೆಂದರೆ ಒಳಗೆ ಸಲ್ಫೇಟಿನ ಒಂದು ಪದರ ಕಟ್ಟಿಕೊಳ್ಳುತ್ತದೆ. ಜೋರಾಗಿ ಹರಿದರೆ ಆ ಪದರ ಕೊಚ್ಚಿಹೋಗಿ ಎಲ್ಬೋ ಮೊದಲು ತೂತಾಗುತ್ತದೆ.

ಗೋಡೆ ದಪ್ಪ: ಒಂದು ಸಣ್ಣ ಲೆಕ್ಕ

ಪ್ರೊಸೆಸ್ ಪೈಪಿಂಗಿಗೆ ಅಮೆರಿಕದ ಎಎಸ್‌ಎಂಇ ಸಂಸ್ಥೆಯ ಬಿ31.3 ಕೋಡ್. ಕೋಡ್ ಪೂರ್ತಿ ಓದೋಕೆ ಹೆದರಬೇಡಿ, ಮೊದಲು ದಪ್ಪದ ಸೂತ್ರ ಒಂದನ್ನು ಕೈಯಲ್ಲಿ ಮಾಡಿ. ನಮ್ಮ ಲೈನ್ 3 ಇಂಚು, ಹೊರ ವ್ಯಾಸ 88.9 ಮಿಮೀ. ಪೈಪ್ ಎ106 ಗ್ರೇಡ್ ಬಿ, ಅಂದರೆ ಮಾಮೂಲಿ ಕಾರ್ಬನ್ ಸ್ಟೀಲ್. ಡಿಸೈನ್ ಪ್ರೆಶರ್ 10 ಬಾರ್ ಅಂದುಕೊಳ್ಳಿ. ಪ್ರೆಶರ್ ತಡೆಯಲು ಬೇಕಾದ ದಪ್ಪ ಬರೀ 0.32 ಮಿಮೀ! ಅದಕ್ಕೆ ಸವೆತಕ್ಕೆ ಅಂತ 1.5 ಮಿಮೀ ಸೇರಿಸಿ. ಸೀಮ್‌ಲೆಸ್ ಪೈಪ್ ತಯಾರಾಗುವಾಗ ದಪ್ಪ 12.5 ಪರ್ಸೆಂಟ್‌ವರೆಗೆ ಕಡಿಮೆ ಬರಬಹುದು, ಅದಕ್ಕೂ ಸೇರಿಸಿದರೆ ಸುಮಾರು 2.1 ಮಿಮೀ. ನಾವು ಹಾಕುವ ಶೆಡ್ಯೂಲ್ 40 ಪೈಪಿನ ದಪ್ಪ 5.49 ಮಿಮೀ.

ಮಿಕ್ಕ ದಪ್ಪ ಯಾಕೆ? ಪೈಪ್ ಹೊರುವುದು ಪ್ರೆಶರನ್ನಷ್ಟೇ ಅಲ್ಲ. ತನ್ನ ತೂಕ, ಒಳಗಿನ ದ್ರವ, ಮೇಲೆ ಕಾಲಿಟ್ಟು ಹತ್ತುವ ಮನುಷ್ಯ, ವೆಲ್ಡಿಂಗ್ ಬಿಸಿ, ಕರಾವಳಿಯ ಉಪ್ಪು ಗಾಳಿ, ಎಲ್ಲವನ್ನೂ ಹೊರಬೇಕು. ಜೊತೆಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ದಪ್ಪವೂ ಆಗಿರಬೇಕು.

ಲೇಔಟ್: ಅಲ್ಲಿ ಯಾರು ನಿಲ್ಲುತ್ತಾರೆ?

ನಾನು ಇಡೀ ಲೇಖನದಲ್ಲಿ ಒಂದೇ ಮಾತು ಹೇಳಬೇಕು ಅಂದರೆ ಇದನ್ನೇ ಹೇಳುತ್ತೇನೆ. ಪ್ರತಿ ವಾಲ್ವ್, ಪ್ರತಿ ಗೇಜ್, ಪ್ರತಿ ಫ್ಲೇಂಜ್ ಇಡುವಾಗಲೂ ಕೇಳಿಕೊಳ್ಳಿ: ಇದನ್ನು ಮುಟ್ಟುವ ಮನುಷ್ಯ ಎಲ್ಲಿ ನಿಲ್ಲುತ್ತಾನೆ?

ಇದನ್ನು ಕಲಿಯಲು ಓಡುತ್ತಿರುವ ಹಳೇ ಪ್ಲಾಂಟಿಗೆ ಹೋಗಿ. ಅಲ್ಲಿ ಇನ್ಸುಲೇಟೆಡ್ ಲೈನುಗಳ ಮೇಲಿನ ಅಲ್ಯುಮಿನಿಯಂ ಹೊದಿಕೆ ನೋಡಿ. ಕೆಲವು ಜಾಗದಲ್ಲಿ ಅದು ತಗ್ಗಾಗಿ ಕುಸಿದಿರುತ್ತದೆ, ಅಂಚು ಬಿಟ್ಟುಕೊಂಡಿರುತ್ತದೆ, ಮೇಲೆ ಬೂಟಿನ ಮಣ್ಣಿರುತ್ತದೆ. ಅಲ್ಲಿಂದ ತಲೆ ಎತ್ತಿ ನೋಡಿದರೆ ಸಾಮಾನ್ಯವಾಗಿ ಒಂದು ವಾಲ್ವ್ ಕಾಣುತ್ತದೆ. ನೆಲದಿಂದ ಕೈಗೆ ಸಿಗದ ವಾಲ್ವ್. ಪ್ರತಿ ಶಿಫ್ಟಿನಲ್ಲೂ ಯಾರೋ ಬಿಸಿ ಲೈನಿನ ಮೇಲೆ ಕಾಲಿಟ್ಟು, ಒಂದು ಕೈಯಲ್ಲಿ ಸಪೋರ್ಟ್ ಹಿಡಿದು, ಇನ್ನೊಂದು ಕೈಯಲ್ಲಿ ಅದನ್ನು ತಿರುಗಿಸುತ್ತಿದ್ದಾರೆ. ಆ ತಗ್ಗನ್ನು ಮಾಡಿದ್ದು ಆಪರೇಟರ್ ಕಾಲು ಅನ್ನಿಸಬಹುದು, ಆದರೆ ಆ ತಗ್ಗು ಹುಟ್ಟಿದ್ದು ಡಿಸೈನ್ ಆಫೀಸಿನಲ್ಲಿ. ಕುಸಿದ ಹೊದಿಕೆಯೊಳಗೆ ಮಳೆ ನೀರು ಹೋಗಿ, ಇನ್ಸುಲೇಷನ್ ನೆಂದು, ಒಳಗೇ ಪೈಪ್ ತುಕ್ಕು ಹಿಡಿಯುತ್ತದೆ. ಮಂಗಳೂರು ಕಡೆಯ ಮಳೆಯಲ್ಲಿ ಇದು ಎಷ್ಟು ಬೇಗ ಆಗುತ್ತದೆ ಅಂತ ಅಲ್ಲಿನ ಮೇಂಟೆನೆನ್ಸ್‌ನವರನ್ನು ಕೇಳಿ ನೋಡಿ.

ಹಾಗಾಗಿ ಕೈಚಕ್ರ ಎದೆ ಮಟ್ಟದಲ್ಲಿ ಬರಲಿ, ನಿಂತ ಜಾಗದಿಂದ 1.2 ಮೀಟರ್ ಆಸುಪಾಸು ಚೆನ್ನ. ಓಡಾಡುವ ದಾರಿಯಲ್ಲಿ ತಲೆಗೆ 2.1 ಮೀಟರಾದರೂ ಬಿಡುವು ಬೇಕು. ಕಂಟ್ರೋಲ್ ವಾಲ್ವ್ ನೆಲದ ಹತ್ತಿರ ಇಲ್ಲವೇ ಪ್ಲಾಟ್‌ಫಾರ್ಮ್ ಹತ್ತಿರ ಇರಲಿ. ಹೀಟ್ ಎಕ್ಸ್‌ಚೇಂಜರಿನ ಟ್ಯೂಬ್ ಬಂಡಲ್ ಹೊರಗೆ ಎಳೆಯಲು ಅದರ ಉದ್ದದಷ್ಟು ಜಾಗ ಮುಂದೆ ಖಾಲಿ ಇರಬೇಕು. ಅಲ್ಲಿ ಪೈಪ್ ತಂದು ನಿಲ್ಲಿಸಿದರೆ ಬಂಡಲ್ ಎಳೆಯುವ ಪ್ರತಿ ಸಲವೂ ಆ ಪೈಪ್ ಕತ್ತರಿಸುತ್ತಾರೆ. ರಿಯಾಕ್ಟರ್ ಮ್ಯಾನ್‌ಹೋಲ್ ಮುಂದೆಯೂ ಹಾಗೆಯೇ. ಸೇಫ್ಟಿ ಶವರ್‌ಗೆ ಹೋಗುವ ದಾರಿ ನೇರ ಇರಬೇಕು, ಕಣ್ಣಿಗೆ ಆಸಿಡ್ ಬಿದ್ದವನು ಕಣ್ಣು ಮುಚ್ಚಿಕೊಂಡೇ ಅಲ್ಲಿಗೆ ಹೋಗಬೇಕು ಅನ್ನೋದನ್ನು ಮರೆಯಬೇಡಿ.

ಲೈನ್ ಎಳೆಯುವುದು

ಪಂಪ್ ಸಕ್ಷನ್‌ನಿಂದ, ಅಂದರೆ ದ್ರವ ಪಂಪಿಗೆ ಬರುವ ಕಡೆಯಿಂದ ಶುರು ಮಾಡಿ. ಸಕ್ಷನ್ ಚಿಕ್ಕದಾಗಿ, ನೇರವಾಗಿ, ಮಧ್ಯೆ ಗೂನು ಇಲ್ಲದೆ ಬರಬೇಕು. ಗೂನು ಇದ್ದರೆ ಅಲ್ಲಿ ಗಾಳಿ ನಿಲ್ಲುತ್ತದೆ, ಪಂಪ್ ಗೊರಗೊರ ಅನ್ನುತ್ತದೆ. 4 ಇಂಚಿನ ಸಕ್ಷನ್ ಲೈನನ್ನು ಪಂಪ್ ನಾಝಲ್ (ಪೈಪ್ ಸೇರುವ ಬಾಯಿ) ಅಳತೆಗೆ ಇಳಿಸುವಾಗ ಒಂದು ಬದಿ ಚಪ್ಪಟೆಯಾಗಿರುವ ಎಕ್ಸೆಂಟ್ರಿಕ್ ರೆಡ್ಯೂಸರ್, ಅಡ್ಡ ಲೈನಿನಲ್ಲಿ ಚಪ್ಪಟೆ ಬದಿ ಮೇಲೆ. ನಾಝಲ್ ಮುಂದೆ ಪೈಪ್ ವ್ಯಾಸದ ಐದು ಪಟ್ಟಾದರೂ ನೇರ ಪೈಪ್ ಬಿಡಿ.

ಆಮೇಲೆ ರ‍್ಯಾಕ್. ಹಲವು ಪೈಪುಗಳನ್ನು ಒಟ್ಟಿಗೆ ಹೊರುವ ಕಂಬ, ತೊಲೆಗಳ ಸಾಲು ಅದು. ಪಕ್ಕದಲ್ಲಿ 6 ಇಂಚಿನ ಸ್ಟೀಮ್ ಲೈನ್ ಇದೆ ಅಂದುಕೊಳ್ಳಿ, 50 ಮಿಮೀ ಇನ್ಸುಲೇಷನ್. ಮಧ್ಯದಿಂದ ಮಧ್ಯಕ್ಕೆ ಎಷ್ಟು ದೂರ ಬೇಕು? 6 ಇಂಚಿನ 150 ಕ್ಲಾಸ್ (ಪ್ರೆಶರ್ ದರ್ಜೆ) ಫ್ಲೇಂಜಿನ ಅರ್ಧ ಸುಮಾರು 140 ಮಿಮೀ, ಇನ್ಸುಲೇಷನ್ 50, ನಮ್ಮ 3 ಇಂಚಿನ ಪೈಪಿನ ಅರ್ಧ ಸುಮಾರು 45, ಬಿಡುವು 25. ಒಟ್ಟು 260. ಆದರೆ ಸ್ಟೀಮ್ ಲೈನ್ ತಿರುವಿನಲ್ಲಿ ಪಕ್ಕಕ್ಕೆ ಸರಿಯುತ್ತದೆ, ಅಲ್ಲಿ ಸರಿಯುವಷ್ಟನ್ನೂ ಸೇರಿಸಬೇಕು. ಇದನ್ನು ಸೇರಿಸದೆ, ಬಿಸಿಯಾದಾಗ ಒಂದಕ್ಕೊಂದು ತಾಗಿ ನಿಂತ ಲೈನುಗಳು ಬೇಕಾದಷ್ಟು ಇವೆ.

ಸಪೋರ್ಟ್ ದೂರವನ್ನೂ ನೋಡಿ. 3 ಇಂಚಿನ ಪೈಪಿಗೆ 3.7 ಮೀಟರಿಗೊಂದು ಸಪೋರ್ಟ್ ಅನ್ನೋದು ಸಾಮಾನ್ಯ ಲೆಕ್ಕ. ರ‍್ಯಾಕ್ ಕಂಬಗಳು 6 ಮೀಟರಿಗೊಂದು ಇದ್ದರೆ ಮಧ್ಯೆ ಇನ್ನೊಂದು ತೊಲೆ ಬೇಕಾಗುತ್ತದೆ. ಸಿವಿಲ್‌ನವರಿಗೆ ಇದನ್ನು ಮೊದಲೇ ಹೇಳಿ. ಸ್ಟ್ರಕ್ಚರ್ ನಿಂತ ಮೇಲೆ ಹೇಳಿದರೆ ಅವರು ನಿಮ್ಮ ಮುಖ ನೋಡುವುದಿಲ್ಲ.

ಇನ್ನು ಬಿಸಿಲು. ರಾಯಚೂರು, ಯಾದಗಿರಿ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ನಮ್ಮ 60 ಮೀಟರ್ ಲೈನನ್ನು ಎರಡೂ ಕಡೆ ವಾಲ್ವ್ ಮುಚ್ಚಿ ಮಧ್ಯಾಹ್ನ ಊಟಕ್ಕೆ ಹೋದರು ಅಂದುಕೊಳ್ಳಿ. ಒಳಗೆ ಸುಮಾರು 286 ಲೀಟರ್ ಟೊಲುಯಿನ್. ಅದು 20 ಡಿಗ್ರಿ ಬಿಸಿಯಾದರೆ 6 ಲೀಟರಿನಷ್ಟು ಹಿಗ್ಗುತ್ತದೆ. ಹೋಗಲು ಜಾಗ ಇಲ್ಲ. ದ್ರವ ಗಾಳಿಯ ಹಾಗೆ ಒತ್ತಿಕೊಳ್ಳುವುದಿಲ್ಲ, ಪ್ರೆಶರ್ ಏರುತ್ತಲೇ ಹೋಗಿ ಮೊದಲು ಗ್ಯಾಸ್ಕೆಟ್ ಬಿಡುತ್ತದೆ. ಇದಕ್ಕೇ ಒಂದು ಸಣ್ಣ ಥರ್ಮಲ್ ರಿಲೀಫ್ ವಾಲ್ವ್ ಹಾಕಿ ಅದರ ಬಾಯಿಯನ್ನು ಟ್ಯಾಂಕಿಗೆ ವಾಪಸ್ ತಿರುಗಿಸುತ್ತಾರೆ. ಪಿ ಆಂಡ್ ಐಡಿಯಲ್ಲಿ ಅದು ಕಾಣದಿದ್ದರೆ ನೀವೇ ಎದ್ದು ಕೇಳಿ.

ಹಿಗ್ಗುವ ಪೈಪ್, ಮತ್ತು ಫ್ಲಿಕ್ಸ್‌ಬರೋ

ಟೊಲುಯಿನ್ ಲೈನ್ ತಣ್ಣಗಿನದ್ದು, ಸ್ಟ್ರೆಸ್ ತಲೆನೋವು ಕಡಿಮೆ. ಪಕ್ಕದ ಸ್ಟೀಮ್ ಲೈನ್ ನೋಡಿ. 10 ಬಾರ್ ಸ್ಟೀಮ್ ಅಂದರೆ ಸುಮಾರು 184 ಡಿಗ್ರಿ. 30 ಡಿಗ್ರಿಯಲ್ಲಿ ಜೋಡಿಸಿದ 60 ಮೀಟರ್ ಕಾರ್ಬನ್ ಸ್ಟೀಲ್ ಲೈನ್ ಬಿಸಿಯಾದಾಗ 110 ಮಿಮೀ ಉದ್ದವಾಗುತ್ತದೆ. ಅರ್ಧ ಗೇಣು! ಎರಡೂ ತುದಿ ಬಿಗಿದು ಕಟ್ಟಿದರೆ ಒಳಗೆ ಹುಟ್ಟುವ ಸ್ಟ್ರೆಸ್ 370 ಮೆಗಾಪಾಸ್ಕಲ್ ಹತ್ತಿರ ಹೋಗುತ್ತದೆ, ಈ ಪೈಪಿನ ಯೀಲ್ಡ್ (ಲೋಹ ಶಾಶ್ವತವಾಗಿ ರೂಪಗೆಡಲು ಶುರುವಾಗುವ ಮಿತಿ) ಇರುವುದು 240. ಪೈಪಾದರೂ ಬಾಗಬೇಕು, ಆಂಕರ್ ಆದರೂ ಕೀಳಬೇಕು. ಅದಕ್ಕೇ ಹಿಗ್ಗನ್ನು ನುಂಗುವ ಯು ಆಕಾರದ ಲೂಪ್ ಕೊಡುತ್ತೇವೆ, ಒಂದು ಕಡೆ ಪೂರ್ತಿ ಬಿಗಿಯುವ ಆಂಕರ್, ಮಿಕ್ಕ ಕಡೆ ಉದ್ದಕ್ಕೆ ಸರಿಯಲು ಬಿಡುವ ಗೈಡ್. ಸೀಸರ್ 2ರಂಥ ಸ್ಟ್ರೆಸ್ ಲೆಕ್ಕದ ಸಾಫ್ಟ್‌ವೇರಿನಲ್ಲಿ ಲೈನ್ ಹಾಕುವ ಮೊದಲು ಈ ಕೈ ಲೆಕ್ಕ ಮಾಡಿಕೊಳ್ಳಿ, ಆಗ ಕಂಪ್ಯೂಟರ್ ಕೊಡುವ ಉತ್ತರ ಸರಿಯೋ ತಪ್ಪೋ ಅಂತ ನಿಮಗೇ ಗೊತ್ತಾಗುತ್ತದೆ.

ಸ್ಟೀಮ್ ಲೈನಿಗೆ ನಮ್ಮಲ್ಲಿ ಇನ್ನೊಂದು ಬಾಗಿಲು ದಾಟಬೇಕು, ಐಬಿಆರ್ (ಇಂಡಿಯನ್ ಬಾಯ್ಲರ್ ರೆಗ್ಯುಲೇಷನ್ಸ್). ಪ್ರೆಶರ್ ಚದರ ಸೆಂಟಿಮೀಟರಿಗೆ 3.5 ಕೆಜಿ ದಾಟಿದರೆ, ಇಲ್ಲವೇ ಒಳ ವ್ಯಾಸ 254 ಮಿಮೀ ದಾಟಿ ಪ್ರೆಶರ್ 1 ಕೆಜಿ ದಾಟಿದರೆ ಅದು ಬಾಯ್ಲರ್ ನಿಯಮದ ಒಳಗೆ ಬರುತ್ತದೆ. ಡ್ರಾಯಿಂಗ್ ಒಪ್ಪಿಗೆ, ಸರ್ಟಿಫಿಕೇಟ್ ಇರುವ ಪೈಪ್, ಐಬಿಆರ್ ಪಾಸಾದ ವೆಲ್ಡರ್, ಎಲ್ಲವೂ ಬೇಕು. ಕರ್ನಾಟಕದಲ್ಲಿ ಇದನ್ನು ನೋಡುವುದು ಕಾರ್ಖಾನೆ, ಬಾಯ್ಲರ್ ಇಲಾಖೆ. ಈ ಕಾಗದಕ್ಕೆ ಬೇಕಾದ ಸಮಯವನ್ನು ಶೆಡ್ಯೂಲಿನಲ್ಲಿ ಹಾಕದಿದ್ದರೆ ಲೈನ್ ರೆಡಿ ಇದ್ದೂ ಸ್ಟೀಮ್ ಬಿಡೋಕೆ ಆಗುವುದಿಲ್ಲ.

ಈಗ ಫ್ಲಿಕ್ಸ್‌ಬರೋ. ಇಂಗ್ಲೆಂಡಿನ ಈ ಪ್ಲಾಂಟಿನಲ್ಲಿ ಸೈಕ್ಲೋಹೆಕ್ಸೇನ್ ಆಕ್ಸಿಡೇಷನ್‌ಗೆ ಆರು ರಿಯಾಕ್ಟರುಗಳು ಸಾಲಾಗಿ ಇದ್ದವು, ಒಂದಕ್ಕಿಂತ ಒಂದು ಸ್ವಲ್ಪ ಕೆಳಗೆ. 1974ರ ಮಾರ್ಚ್‌ನಲ್ಲಿ ಐದನೇ ರಿಯಾಕ್ಟರಿನಲ್ಲಿ ಬಿರುಕು ಕಂಡಿತು. ಅದನ್ನು ತೆಗೆದು, ನಾಲ್ಕನೆಯದಕ್ಕೂ ಆರನೆಯದಕ್ಕೂ ಒಂದು ಬೈಪಾಸ್ ಪೈಪ್ ಹಾಕಿದರು. ರಿಯಾಕ್ಟರುಗಳ ಬಾಯಿ 28 ಇಂಚು, ಹಾಕಿದ ಪೈಪ್ 20 ಇಂಚು. ಎರಡೂ ಬಾಯಿ ಒಂದೇ ಎತ್ತರದಲ್ಲಿ ಇರಲಿಲ್ಲ, ಹಾಗಾಗಿ ಪೈಪಿಗೆ ಮಧ್ಯೆ ಡೊಂಕು. ಎರಡೂ ತುದಿಗೆ ಬೆಲ್ಲೋಸ್, ಅಂದರೆ ಹಿಗ್ಗಿ ಕುಗ್ಗುವ ಮಡಿಕೆಯ ಜಾಯಿಂಟ್. ಕೆಳಗೆ ಆಧಾರಕ್ಕೆ ಇದ್ದದ್ದು ಸ್ಕ್ಯಾಫೋಲ್ಡಿಂಗ್ ಪೈಪುಗಳು. ಇದಕ್ಕೆ ಇದ್ದ ಡ್ರಾಯಿಂಗ್ ಅಂದರೆ ವರ್ಕ್‌ಶಾಪ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ್ದು ಮಾತ್ರ. ಡೊಂಕು ಪೈಪಿನ ಎರಡೂ ತುದಿಯಲ್ಲಿ ಬೆಲ್ಲೋಸ್ ಇದ್ದರೆ ಒಳಗಿನ ಪ್ರೆಶರ್ ಅದನ್ನು ತಿರುಚುತ್ತದೆ ಅನ್ನೋ ಲೆಕ್ಕವನ್ನು ಯಾರೂ ಮಾಡಲಿಲ್ಲ. ಆ ಸಮಯದಲ್ಲಿ ಅಲ್ಲಿ ಮೆಕ್ಯಾನಿಕಲ್ ಇಂಜಿನಿಯರ್ ಹುದ್ದೆಯೇ ಖಾಲಿ ಇತ್ತು. ಜೂನ್ 1, ಶನಿವಾರ ಸಂಜೆ ಆ ಪೈಪ್ ಕಿತ್ತುಕೊಂಡಿತು. ಆವಿಯ ಮೋಡ ಹೊತ್ತಿ ಸಿಡಿದು 28 ಜನ ಸತ್ತರು. ಅದು ಶನಿವಾರ ಆಗಿರದಿದ್ದರೆ ಆಫೀಸ್ ತುಂಬ ಜನ ಇರುತ್ತಿದ್ದರು.

ಸೈಟಿನಲ್ಲಿ ಯಾರಾದರೂ "ಸರ್, ಟೆಂಪರರಿ ಅಷ್ಟೇ, ಒಂದು ಪೈಪ್ ಹಾಕಿಬಿಡೋಣ" ಅಂದಾಗ ನನಗೆ ಆ ಸೀಮೆಸುಣ್ಣದ ಗೆರೆ ಕಣ್ಣ ಮುಂದೆ ಬರುತ್ತದೆ. ಟೆಂಪರರಿ ಲೈನಿಗೂ ಡ್ರಾಯಿಂಗ್ ಮಾಡಿ, ಲೆಕ್ಕ ಮಾಡಿ, ಸಹಿ ತೆಗೆದುಕೊಳ್ಳಿ. ಒಂದು ದಿನ ತಡವಾದರೆ ಆಗಲಿ.

ಕತ್ತರಿಸಲು ಬಾರದ ಪೈಪ್

ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಸಿಡ್‌ಗೆ ಸಾಮಾನ್ಯವಾಗಿ ಹೊರಗೆ ಸ್ಟೀಲ್, ಒಳಗೆ ಪಿಟಿಎಫ್‌ಇ (ಟೆಫ್ಲಾನ್) ಪದರ ಇರುವ ಲೈನ್ಡ್ ಪೈಪ್ ಹಾಕುತ್ತಾರೆ. ಕೆಮಿಕಲ್ ಪ್ಲಾಂಟಿಗೆ ಬಂದವರು ಇದರ ಸ್ವಭಾವ ಚೆನ್ನಾಗಿ ತಿಳಿಯಬೇಕು. ಇದನ್ನು ಸೈಟಿನಲ್ಲಿ ಕತ್ತರಿಸಿ ವೆಲ್ಡ್ ಮಾಡುವ ಹಾಗಿಲ್ಲ. ಫ್ಯಾಕ್ಟರಿಯಿಂದ ಬಂದ ಅಳತೆಯೇ ಕೊನೆ. ಹೆಚ್ಚಾಗಿ 3 ಮೀಟರ್ ಒಳಗಿನ ತುಂಡುಗಳು, ಪ್ರತಿ ತುಂಡಿಗೂ ಎರಡು ಫ್ಲೇಂಜ್.

ಕೆಲಸಕ್ಕೆ ಸೇರಿ ಎರಡನೇ ವರ್ಷ ನಾನೊಂದು ಆಸಿಡ್ ಲೈನ್ ಮಾಡಿದ್ದೆ. ರಿಯಾಕ್ಟರ್ ತಯಾರಕರು ಅಪ್ರೂವಲ್‌ಗೆ ಅಂತ ಕಳಿಸಿದ್ದ ಮೊದಲ ಡ್ರಾಯಿಂಗ್ ಹಿಡಿದು ನಾಝಲ್ ಎತ್ತರ ತೆಗೆದುಕೊಂಡೆ. ಆಮೇಲೆ ಎರಡು ರಿವಿಷನ್ ಬಂದವು, ನಾನು ಅವನ್ನು ತೆರೆದು ಹೋಲಿಸಲಿಲ್ಲ. ಸ್ಪೂಲ್‌ಗಳು, ಅಂದರೆ ಫ್ಯಾಕ್ಟರಿಯಲ್ಲೇ ತಯಾರಾದ ಪೈಪ್ ತುಂಡುಗಳು, ಬಂದವು. ಸೈಟಿನಲ್ಲಿ ಹಿರಿಯ ಫಿಟ್ಟರ್ ಒಬ್ಬರು ಕೊನೆಯ ತುಂಡನ್ನು ಚೈನ್ ಬ್ಲಾಕಿಗೆ ಕಟ್ಟಿ ಎತ್ತಿ, ಇಳಿಸಿ, ಮತ್ತೆ ಎತ್ತಿ, ಕೊನೆಗೆ ಟೇಪ್ ಹಿಡಿದು ನನ್ನನ್ನು ಕರೆದರು. "ಸರ್, ನಾಝಲ್ 40 ಮಿಮೀ ಮೇಲಿದೆ. ಸ್ಪೂಲ್ ಕೂರಲ್ಲ." ಸ್ಪೂಲ್ ಚಿಕ್ಕದಾಗಿದ್ದರೆ ಮಧ್ಯೆ ಸ್ಪೇಸರ್ ಹಾಕಿ ಹೇಗೋ ಹೊಂದಿಸಬಹುದಿತ್ತು. ಮೇಲಿಂದ ನಾಝಲಿಗೆ ಇಳಿಯುವ ತುಂಡಾದ್ದರಿಂದ ಇದು ಉದ್ದವಾಗಿತ್ತು. ಕತ್ತರಿಸಲು ಬರುವುದಿಲ್ಲ. ಹೊಸ ಸ್ಪೂಲ್ ಮಾಡಿಸಿ ಬರುವವರೆಗೆ ಮೂರು ವಾರ ರಿಯಾಕ್ಟರ್ ಸುಮ್ಮನೆ ನಿಂತಿತ್ತು. ಅದು ನನ್ನ ತಪ್ಪೇ, ಫಿಟ್ಟರ್‌ದೂ ಅಲ್ಲ, ತಯಾರಕರದೂ ಅಲ್ಲ.

ಅವತ್ತಿಂದ ಎರಡು ಕ್ರಮ ಬಿಟ್ಟಿಲ್ಲ. ಫೈನಲ್ ಅಂತ ಸೀಲ್ ಬಿದ್ದ ವೆಂಡರ್ ಡ್ರಾಯಿಂಗ್ ಬರುವ ತನಕ ಲೈನ್ಡ್ ಸ್ಪೂಲಿನ ಐಸೊ ಬಿಡುವುದಿಲ್ಲ. ಪ್ರತಿ ಲೈನ್ಡ್ ಲೈನಿನಲ್ಲೂ ಒಂದು ಕೊನೆಯ ತುಂಡನ್ನು ತಡೆಹಿಡಿದು, ಮಿಕ್ಕಿದ್ದೆಲ್ಲ ಕೂತ ಮೇಲೆ ಸೈಟಿನಲ್ಲಿ ಅಳೆದು ಆಮೇಲೆ ಆರ್ಡರ್ ಮಾಡುತ್ತೇನೆ. ಸ್ಟೀಲ್ ಲೈನಿನಲ್ಲಿ ಇದೇ ಕೆಲಸವನ್ನು ಫೀಲ್ಡ್ ವೆಲ್ಡ್ ಮಾಡುತ್ತದೆ, ಅಲ್ಲಿ 100 ಮಿಮೀ ಪೈಪ್ ಜಾಸ್ತಿ ಬಿಟ್ಟು ಕಳಿಸಿ, ಫಿಟ್ಟರ್ ಅಲ್ಲೇ ಕತ್ತರಿಸಿ ಹೊಂದಿಸುತ್ತಾರೆ.

ಐಸೊ ಬಿಡುವ ಮುನ್ನ

ಮಾಡೆಲಿನಿಂದ ಐಸೊ ತಾನೇ ಹೊರಬರುತ್ತದೆ, ಅದನ್ನು ಹಾಗೇ ಸೈಟಿಗೆ ಕಳಿಸಬೇಡಿ. ಹೈಲೈಟರ್ ಹಾಕಿದ ಆ ಹಳೇ ಪಿ ಆಂಡ್ ಐಡಿ ಪಕ್ಕದಲ್ಲಿ ಇಟ್ಟು ಒಂದೊಂದೇ ಟಿಕ್ ಮಾಡಿ. ವಾಲ್ವ್ ದಿಕ್ಕು, ಎನ್‌ಆರ್‌ವಿ ಬಾಣ, ಗೇಜ್ ಟ್ಯಾಪಿಂಗ್, ಎತ್ತರದ ಜಾಗದಲ್ಲಿ ವೆಂಟ್, ತಗ್ಗಿನಲ್ಲಿ ಡ್ರೈನ್. ಬೋಲ್ಟುಗಳ ಲೆಕ್ಕ ಸಣ್ಣದು ಅನ್ನಿಸುತ್ತದೆ, 3 ಇಂಚಿನ 150 ಕ್ಲಾಸ್ ಫ್ಲೇಂಜಿಗೆ 4 ಬೋಲ್ಟ್, 4 ಇಂಚಿಗೆ 8. ಇಬ್ಬದಿಯ ಫ್ಲೇಂಜ್ ಮಧ್ಯೆ ಕೂರುವ ವೇಫರ್ ವಾಲ್ವ್ ಇದ್ದರೆ ಬೋಲ್ಟ್ ಉದ್ದ ಬೇರೆ. ಇದೊಂದು ತಪ್ಪಿದರೆ ಮೂವತ್ತು ರೂಪಾಯಿಯ ಸ್ಟಡ್‌ಗಾಗಿ ಇಡೀ ಲೈನ್ ಕಾಯುತ್ತದೆ.

ಸೈಟು

ಲೈನ್ ಕೂತಾಗ ನೀವು ಅಲ್ಲಿರಿ. ಪಂಪ್ ಫ್ಲೇಂಜ್ ಬೋಲ್ಟ್ ಬಿಚ್ಚಿಸಿ ನೋಡಿ. ಬಿಚ್ಚಿದ ತಕ್ಷಣ ಪೈಪ್ ಪಟ್ಟನೆ ಪಕ್ಕಕ್ಕೆ ಸರಿದರೆ ಪಂಪಿನ ಮೇಲೆ ಪೈಪ್ ತನ್ನ ಬಲ ಹಾಕಿ ಕೂತಿತ್ತು ಅಂತ ಅರ್ಥ. ಅಲೈನ್‌ಮೆಂಟ್ ಕೆಡುವುದು, ಸೀಲ್ ಪದೇ ಪದೇ ಸೋರುವುದು ಇಲ್ಲಿಂದಲೇ ಶುರು.

ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ಮಾಡುವ ಪರೀಕ್ಷೆ) ಬಿ31.3 ಪ್ರಕಾರ ಡಿಸೈನ್ ಪ್ರೆಶರಿನ ಒಂದೂವರೆ ಪಟ್ಟು, ಕಡಿಮೆ ಅಂದರೂ 10 ನಿಮಿಷ ಹಿಡಿದು ಎಲ್ಲ ಜಾಯಿಂಟ್ ನೋಡಬೇಕು. ನೀರು ತುಂಬುವಾಗ ಎತ್ತರದ ವೆಂಟ್ ತೆರೆದು ಗಾಳಿ ಪೂರ್ತಿ ಬಿಡಿಸಿ, ಒಳಗೆ ಉಳಿದ ಗಾಳಿ ಒತ್ತಿದ ಸ್ಪ್ರಿಂಗ್ ಇದ್ದ ಹಾಗೆ. ಸ್ಟೇನ್‌ಲೆಸ್ ಲೈನಾದರೆ ನೀರಿನ ಕ್ಲೋರೈಡ್ ನೋಡಿ, 50 ಪಿಪಿಎಂ ಒಳಗಿರಲಿ ಅಂತ ಹೆಚ್ಚಿನ ಸ್ಪೆಸಿಫಿಕೇಷನ್‌ಗಳು ಕೇಳುತ್ತವೆ. ಬೋರ್‌ವೆಲ್ ನೀರನ್ನು ಟೆಸ್ಟ್ ಮಾಡಿಸದೆ ತುಂಬಿಸಬೇಡಿ. ಟೊಲುಯಿನ್ ಲೈನಿನಲ್ಲಿ ಟೆಸ್ಟ್ ಆದಮೇಲೆ ನೀರು ಪೂರ್ತಿ ಇಳಿಸಿ ನೈಟ್ರೋಜನ್‌ನಲ್ಲಿ ಒಣಗಿಸಬೇಕು. ನೀರು ಕಂಡರೆ ಕೆರಳುವ ರಿಯಾಕ್ಷನ್‌ಗಳಿಗೆ ಈ ಟೊಲುಯಿನ್ ಹೋಗಬಹುದು. ನೀವು ಡ್ರೈನ್ ಕೊಟ್ಟ ಜಾಗ ಸರಿಯಿತ್ತೋ ಇಲ್ಲವೋ ಅವತ್ತು ತಿಳಿಯುತ್ತದೆ.

ಪಂಚ್ ಲಿಸ್ಟ್ (ಬಾಕಿ ಕೆಲಸ, ದೋಷಗಳ ಪಟ್ಟಿ) ಮಾಡುವಾಗ ಆಪರೇಟರನ್ನು ಜೊತೆಗೆ ಕರೆದುಕೊಂಡು ಹೋಗಿ. "ಅಣ್ಣಾ, ಈ ವಾಲ್ವ್ ತಿರುಗಿಸಿ ನೋಡಿ" ಅನ್ನಿ. ಅವರು ಎಲ್ಲಿ ಕಾಲಿಡುತ್ತಾರೆ, ಎಲ್ಲಿ ಬಗ್ಗುತ್ತಾರೆ, ಗೇಜ್ ಓದಲು ಕತ್ತು ಎಷ್ಟು ತಿರುಗಿಸುತ್ತಾರೆ ನೋಡಿ ಬರೆದುಕೊಳ್ಳಿ. ಮುಂದಿನ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ನಿಮಗೆ ಸಿಗುವುದಿಲ್ಲ.

ಸಾಫ್ಟ್‌ವೇರ್ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಇ3ಡಿ, ಪ್ಲಾಂಟ್ 3ಡಿ, ಸ್ಮಾರ್ಟ್ 3ಡಿ, ಯಾವುದು ನಿಮ್ಮ ಆಫೀಸಿನಲ್ಲಿದೆಯೋ ಅದನ್ನು ಕಲಿಯಿರಿ. ಒಂದು ಬಂದರೆ ಇನ್ನೊಂದು ಬೇಗ ಬರುತ್ತದೆ. ಮೊದಲ ವರ್ಷ ಹತ್ತು ಐಸೊಗಳನ್ನು ಕೈಯಲ್ಲೇ ಗೀಚಿ, ಸಾಧ್ಯವಾದರೆ ಮೂರು ತಿಂಗಳು ಸೈಟ್ ಕೇಳಿ ಹೋಗಿ.

ಕೊನೆಯದಾಗಿ, ಸೈಟಿನಲ್ಲಿ ಬದಲಾದದ್ದೆಲ್ಲ ಐಸೊ ಮೇಲೆ ಕೆಂಪು ಪೆನ್ನಿನಲ್ಲಿ ಬರಲೇಬೇಕು. ಕಂಬ ಅಡ್ಡ ಬಂತು ಅಂತ 150 ಮಿಮೀ ಪಕ್ಕಕ್ಕೆ ಸರಿಸಿದ್ದು, ಸಿಗಲಿಲ್ಲ ಅಂತ ಬೇರೆ ವಾಲ್ವ್ ಹಾಕಿದ್ದು, ಕೊನೆ ಗಳಿಗೆಯಲ್ಲಿ ಸೇರಿಸಿದ ಡ್ರೈನ್, ಒಂದನ್ನೂ ಬಿಡಬೇಡಿ. ಹತ್ತು ವರ್ಷದ ಮೇಲೆ ಈ ಲೈನಿಗೆ ಹೊಸ ರಿಯಾಕ್ಟರ್ ಜೋಡಿಸಲು ಬರುವವರು ನಿಮ್ಮ ಡ್ರಾಯಿಂಗ್ ನಂಬಿಕೊಂಡೇ ಎಲ್ಲಿ ಕತ್ತರಿಸಬೇಕು ಅಂತ ಗುರುತು ಹಾಕುತ್ತಾರೆ. ಕೆಂಪು ಗುರುತುಗಳನ್ನು ಮಾಡೆಲಿಗೆ ಹಾಕಿ, ರಿವಿಷನ್ ನಂಬರ್ ಕೊಟ್ಟು, ಪ್ಲಾಂಟಿನ ಡಾಕ್ಯುಮೆಂಟ್ ರೂಮಿನಲ್ಲಿ ಒಪ್ಪಿಸಿ ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು ಬನ್ನಿ.